ನ್ಯಾಯಶಾಸ್ತ್ರದ ತರಗತಿಯೂ ತುಂಗಭದ್ರೆಯ ಎರಡು ದಡಗಳೂ

ಬಳ್ಳಾರಿಯಲ್ಲಿ ಕಾನೂನು ಓದುತ್ತಿದ್ದಾಗ, ನ್ಯಾಯಶಾಸ್ತ್ರದ ಕಿರುಪರೀಕ್ಷೆಯೊಂದರ ನನ್ನ ಉತ್ತರದ ಮೇಲೆ ನಮ್ಮ ಗುರುಗಳು ಕೆಂಪು ಶಾಯಿಯಲ್ಲಿ ಉದ್ದಕ್ಕೂ ಗೀಟೆಳೆದು, ಅಂಕ ಕೊಡದೆ, ಸಂಜೆ ಬಂದು ಕಾಣುವಂತೆ ಬರೆದಿದ್ದರು. ನೈತಿಕ ನಿಸರ್ಗವಾದವನ್ನು ವಿವರಿಸಬೇಕಿದ್ದ ಕಡೆ ನಾನು ನೈಸರ್ಗಿಕ ಕಾನೂನಿನ ಸಿದ್ಧಾಂತವನ್ನು, ಅಂದರೆ ಮನುಷ್ಯನ ಶಾಸನಕ್ಕಿಂತ ಮೇಲಿನದೊಂದು ಕಾನೂನಿದೆ ಎಂಬ ಮಧ್ಯಯುಗದ ಕ್ರೈಸ್ತ ದಾರ್ಶನಿಕ ಅಕ್ವಿನಾಸನ ವಾದವನ್ನು, ಎರಡು ಪುಟ ತುಂಬ ಬರೆದಿದ್ದೆ. "ತಮ್ಮಾ, ನೈಸರ್ಗಿಕ ಕಾನೂನು ಬ್ಯಾರೆ, ನಿಸರ್ಗವಾದ ಬ್ಯಾರೆ. ಹೆಸರು ಒಂದೇ ಕಂಡ್ರ ಗೋತ್ರ ಒಂದೇ ಅಂತ ತಿಳೀಬ್ಯಾಡ" ಎಂದು ಅವರು ಆ ಸಂಜೆ ಕತ್ತಲಾಗುವವರೆಗೂ ಕೂರಿಸಿಕೊಂಡು ಹೇಳಿಕೊಟ್ಟರು.

ನಿಸರ್ಗವಾದಿ ಈ ಲೋಕದ ಆಚೆ ಏನನ್ನೂ ಹುಡುಕುವುದಿಲ್ಲ. ಒಳಿತು ಕೆಡುಕುಗಳೂ ನೋವು, ಹಸಿವು, ಆರೋಗ್ಯಗಳಂತೆ ವಿಚಾರಣೆಗೆ ಸಿಕ್ಕುವ ಸಂಗತಿಗಳೇ ಎನ್ನುತ್ತಾನೆ. 'ವಾಸ್ತವವಾದ' ಎಂಬ ಪದದ ತೊಡಕು ಇನ್ನೂ ದೊಡ್ಡದು. ನೀತಿಶಾಸ್ತ್ರದ ವಾಸ್ತವವಾದಿ, ಯಾರು ಒಪ್ಪಲಿ ಬಿಡಲಿ, ತಪ್ಪು ತಪ್ಪೇ ಎನ್ನುವವನು. ಕಾನೂನಿನ ವಾಸ್ತವವಾದಿಯಾದರೋ ಪುಸ್ತಕದ ನಿಯಮಕ್ಕೆ ತೃಪ್ತನಾಗದೆ ನ್ಯಾಯಾಲಯ ನಿಜವಾಗಿ ಏನು ಮಾಡುತ್ತದೆ ಎಂದು ನೋಡುವವನು. ನ್ಯಾಯಾಲಯಗಳು ಏನು ಮಾಡಲಿವೆ ಎಂಬ ಮುನ್ಸೂಚನೆಯನ್ನೇ ತಾನು ಕಾನೂನೆನ್ನುತ್ತೇನೆ ಎಂದು ಅಮೆರಿಕದ ನ್ಯಾಯಮೂರ್ತಿ ಹೋಮ್ಸ್ 1897ರಲ್ಲಿ ಹೇಳಿದ್ದು ಈ ಅರ್ಥದಲ್ಲಿ. ಸ್ವೀಡನ್ನಿನ ದಾರ್ಶನಿಕ ಹ್ಯಾಗರ್‌ಸ್ಟ್ರೋಮ್ ಅಲ್ಲಿಯ ಕಾನೂನು ವಾಸ್ತವವಾದಿಗಳಿಗೆ ಗುರು, ಆದರೆ 'ಇದು ತಪ್ಪು' ಎಂಬ ಮಾತು ನಿಜವೂ ಅಲ್ಲ, ಸುಳ್ಳೂ ಅಲ್ಲ, ಬರಿಯ ಭಾವದ ಪ್ರಕಟಣೆ ಎಂದವರೂ ಅವರೇ. ಹಾಗಾದರೆ ಕಾನೂನಿನಲ್ಲಿ ವಾಸ್ತವವಾದಿಯಾದವನು ನೀತಿಯಲ್ಲಿ ವಾಸ್ತವವಾದವನ್ನು ಕೈಬಿಡಲೇಬೇಕೆ ಎಂದು ನಾನು ಕೇಳಿದೆ.

ಗುರುಗಳು ನೇರ ಉತ್ತರ ಕೊಡದೆ ನನ್ನ ಊರು ಕೇಳಿದರು. ನಾನು ಮುನಿರಾಬಾದಿನವನು, ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದಾಗ ಹೊಸಪೇಟೆಯ ದಡದಲ್ಲಿ ಮದ್ರಾಸ್ ಪ್ರಾಂತ್ಯದ ಕಾನೂನು, ನಮ್ಮ ದಡದಲ್ಲಿ ನಿಜಾಮನ ಕಾನೂನು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು, ಅಂದರೆ ದೇವದಾಸಿ ಮಾಡುವುದನ್ನು, ಮುಂಬಯಿ ಪ್ರಾಂತ್ಯ 1934ರಲ್ಲಿ, ಮದ್ರಾಸ್ 1947ರಲ್ಲಿ ನಿಷೇಧಿಸಿದವು. ಆ ಎರಡೂ ಕಾಯ್ದೆಗಳು ನಿಜಾಮ ಸೀಮೆಗೆ ಅನ್ವಯಿಸುತ್ತಿರಲಿಲ್ಲ. ಹೀಗೆ ದೇವರಿಗೆ ಬಿಡುವುದನ್ನು ಆ ಕಡೆ ಬಸವಿ ಬಿಡುವುದೆಂದರೂ ಈ ಕಡೆ ಮುತ್ತು ಕಟ್ಟುವುದೆಂದರೂ ಹುಡುಗಿಯ ಬದುಕಿಗೆ ಆಗುವುದು ಒಂದೇ ಎಂದು ಹೇಳಿ, "ಕಾನೂನು ಹೊಳಿ ದಾಟಲಿಲ್ಲ. ತಪ್ಪೂ ದಾಟಲಿಲ್ಲೇನು?" ಎಂದು ಅವರು ಕೇಳಿದರು. ಯಾವ ದಡದಲ್ಲಿ ಯಾವ ಕಾನೂನು ನಡೆಯುತ್ತಿತ್ತು ಎಂಬುದನ್ನು ನಿಷ್ಠುರವಾಗಿ ಹೇಳುತ್ತಲೇ, ಎರಡೂ ದಡಗಳಲ್ಲಿ ನಡೆದದ್ದು ಅನ್ಯಾಯವೆಂದು ಹೇಳಬಹುದೆಂಬುದು ನನಗೆ ಅಂದು ಹೊಳೆಯಿತು. ಎರಡು ಪ್ರಶ್ನೆಗಳನ್ನು ಬೆರೆಸದಿದ್ದರೆ ಎರಡಕ್ಕೂ ಪ್ರಾಮಾಣಿಕ ಉತ್ತರ ಸಿಗುತ್ತದೆಂದು ನಾನು ಇಂದಿಗೂ ನಂಬಿದ್ದೇನೆ.

ವಕೀಲನಾದ ಮೇಲೆ ಹೋಮ್ಸ್‌ರ ಮಾತಿನ ತೂಕವೂ ತಿಳಿಯಿತು. ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆಯಲ್ಲಿ ಸಾಮಾನ್ಯ ಶಿಕ್ಷೆ ಹೆಚ್ಚೆಂದರೆ 3 ವರ್ಷವಿತ್ತು. ತಪ್ಪು ಮಾಡಿದವರು ಹೆತ್ತವರೋ ಬಂಧುಗಳೋ ಆದರೆ ಕನಿಷ್ಠ 2, ಗರಿಷ್ಠ 5 ವರ್ಷವಿತ್ತು. ಹೊಣೆ ಹೆಚ್ಚಿದ್ದವರಿಗೆ ಶಿಕ್ಷೆ ಹೆಚ್ಚು ಎಂಬುದು ಓದಲು ನ್ಯಾಯವಾಗಿಯೇ ಇತ್ತು. ಆದರೆ ಅವ್ವನನ್ನು ಜೈಲಿಗೆ ಕಳಿಸುವ ದೂರನ್ನು ಯಾವ ಮಗಳು ಕೊಡುತ್ತಾಳೆ? ನನ್ನ ಇಷ್ಟು ವರ್ಷಗಳ ವೃತ್ತಿಯಲ್ಲಿ ಈ ಕಾಯ್ದೆಯಡಿಯ ಒಂದು ಮೊಕದ್ದಮೆಯನ್ನೂ ನಾನು ನಡೆಸಿಲ್ಲ; ಮುತ್ತು ಕಟ್ಟಿಸಿಕೊಂಡ ಹೆಂಗಸರು ನನ್ನ ಬಳಿಗೆ ಬಂದದ್ದು ಮಕ್ಕಳ ಜೀವನಾಂಶಕ್ಕಾಗಿ, ಹೊಲದ ಪಾಲಿಗಾಗಿ.

ಒಂದು ಪ್ರಶ್ನೆ ಮಾತ್ರ ಬಹಳ ಕಾಲ ಉಳಿದಿತ್ತು. ಕೆಡುಕೆಂದರೆ ಇಂಥ ಸಂಗತಿ ಎಂದು ಏನನ್ನೇ ತೋರಿಸಿದರೂ 'ಸರಿ, ಆದರೆ ಅದು ಕೆಡುಕೇ?' ಎಂದು ಮತ್ತೆ ಕೇಳಲು ಬರುತ್ತದೆ ಎಂದು ಇಂಗ್ಲೆಂಡಿನ ದಾರ್ಶನಿಕ ಮೂರ್ 1903ರಲ್ಲಿ ನಿಸರ್ಗವಾದಿಗಳಿಗೆ ಹಾಕಿದ ಸವಾಲದು. ನೀರೆಂದರೆ ಜಲಜನಕ ಆಮ್ಲಜನಕಗಳ ಸಂಯುಕ್ತವೇ ಎಂದೂ ಒಂದು ಕಾಲಕ್ಕೆ ಕೇಳಲು ಬರುತ್ತಿತ್ತು, ಹಾಗೆಂದು ನೀರು ಬೇರೆಯದಾಗಲಿಲ್ಲ ಎಂಬುದು ನಿಸರ್ಗವಾದಿಗಳ ಉತ್ತರ. ಅದನ್ನು ಓದಿದ ವಾರವೇ ಗುರುಗಳ ಮನೆಗೆ ಹೋದೆ. ಅವರು ಹಾಸಿಗೆ ಹಿಡಿದಿದ್ದರು. ಪೂರ್ತಿ ಕೇಳಿ, "ನೀರು ಪರೀಕ್ಷೆ ಮಾಡಾಕ ಲ್ಯಾಬ್ ಐತಿ. ಇದನ್ನ ಎಲ್ಲಿ ಮಾಡ್ತಿ?" ಎಂದರು. ಚೀಲದಲ್ಲಿ ಜೀವನಾಂಶದ ದಾವೆಯೊಂದರ ಸಾಕ್ಷಿ ಹೇಳಿಕೆಯ ನಕಲಿತ್ತು. ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಡಿಸಿ ಮುತ್ತು ಕಟ್ಟಿದ್ದು, ಊರಲ್ಲಿ ಯಾರೂ ಅದನ್ನು ತಪ್ಪೆನ್ನದಿದ್ದದ್ದು, ತನಗೆ ಮಾತ್ರ ಅಂದೇ ತಪ್ಪೆನಿಸಿದ್ದು, ಹೀಗೆ ಆ ಹೆಂಗಸು ಹೇಳಿದ್ದನ್ನು ಹೆಸರು ಬಿಟ್ಟು ಓದಿದೆ. ಗುರುಗಳು ಕಣ್ಣು ಮುಚ್ಚಿಕೊಂಡು ಕೇಳಿ, ಎರಡನೆಯ ಪುಟವನ್ನು ಮತ್ತೊಮ್ಮೆ ಓದಿಸಿಕೊಂಡರು.