ಸಾಲವಿಲ್ಲದವನಿಗೆ ಸಾಲವಿಲ್ಲ

ಒಂದು ಕಂತನ್ನೂ ತಪ್ಪಿಸದೆ ಕಟ್ಟಿದವನು ದೇಶ ಬದಲಿಸಿದೊಡನೆ ಬ್ಯಾಂಕಿನ ಕಣ್ಣಿಗೆ ನಿನ್ನೆ ಹುಟ್ಟಿದ ಕೂಸಾಗುತ್ತಾನೆ. ನನ್ನ ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕೃತವಾಗಿದೆ. ಕಾರಣ, ಇಲ್ಲಿ ನನಗೆ ಸಾಲದ ಇತಿಹಾಸವೇ ಇಲ್ಲವಂತೆ! ಸಾಲ ಮಾಡದಿರುವುದನ್ನೇ ದೊಡ್ಡ ಗುಣವೆಂದು ನಂಬಿ ಬೆಳೆದವರು ಇದನ್ನು ಅರಗಿಸಿಕೊಳ್ಳುವುದು ಕಷ್ಟ. ಜನರ ಸಾಲದ ದಾಖಲೆ ಇಡುವ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಸಂಸ್ಥೆಗಳು ಹಲವು ದೇಶಗಳಲ್ಲಿವೆ. ಆದರೂ ಒಂದು ದೇಶದ ಕಡತ ಇನ್ನೊಂದು ದೇಶಕ್ಕೆ ತಾನಾಗಿ ಹೋಗುವುದಿಲ್ಲ.

ಸಾಲದ ಕೊನೆಯ ಕಂತು ವೀಸಾ ಅವಧಿಯೊಳಗೇ ಮುಗಿಯಬೇಕೆನ್ನುವ ಬ್ಯಾಂಕುಗಳೂ ಇವೆ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ, ಗಡಿ ದಾಟಿದವನ ಬೆನ್ನು ಹತ್ತುವವರು ಯಾರು?

ಈಗ ಉಳಿದಿರುವ ದಾರಿ ಠೇವಣಿ ಆಧಾರಿತ ಕಾರ್ಡ್. ಹಣವನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು, ಹೆಚ್ಚುಕಡಿಮೆ ಅಷ್ಟೇ ಮಿತಿಯ ಕಾರ್ಡ್ ಪಡೆದು, ಸಣ್ಣಪುಟ್ಟ ಖರ್ಚು ಮಾಡಿ, ಗಡುವಿನೊಳಗೆ ಪೂರ್ತಿ ತೀರಿಸುತ್ತಾ ಹೋಗಬೇಕು. ಆತುರಪಟ್ಟು ಕಂಡ ಬ್ಯಾಂಕಿಗೆಲ್ಲ ಅರ್ಜಿ ಹಾಕುವಂತೆಯೂ ಇಲ್ಲ. ಪ್ರತಿ ಅರ್ಜಿಗೂ ಬ್ಯಾಂಕು ನಡೆಸುವ ವಿಚಾರಣೆಗಳೂ ದಾಖಲಾಗಿ, ಇನ್ನೂ ಹುಟ್ಟದ ನನ್ನ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ನಂಬಿಕೆಯ ಅಂಕವನ್ನು ತಗ್ಗಿಸಬಹುದು. ನನ್ನ ದುಡ್ಡನ್ನು ನನಗೇ ಸಾಲ ಕೊಡುವುದಕ್ಕೆ ಇವರು ವಾರ್ಷಿಕ ಶುಲ್ಕವನ್ನು ಬೇರೆ ಕೇಳುತ್ತಿದ್ದಾರೆ. ಗೊಣಗುತ್ತಲೇ ಅರ್ಜಿ ತುಂಬುತ್ತಿದ್ದೇನೆ.