ಕಾನ್ವಿ: 30 ಜನ ಕಾಯುತ್ತಿದ್ದ ಕೋಟೆ

ಇಂಗ್ಲೆಂಡಿನ ಚೆಸ್ಟರ್‌ನಿಂದ ಉತ್ತರ ವೇಲ್ಸ್ ಕಡೆ ಹೋಗುವ ರೈಲು ಹತ್ತಿದರೆ ಬಲಗಡೆ ಕಿಟಕಿಯ ಸೀಟು ಹಿಡಿಯಿರಿ. ದಾರಿಯಲ್ಲಿ ಬಹಳ ದೂರ ಸಮುದ್ರ ಜೊತೆಗಿರುತ್ತದೆ. ಆಮೇಲೆ ಕಾನ್ವಿ ನದಿ. 1848ರಲ್ಲಿ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿದ ಕಬ್ಬಿಣದ ಕೊಳವೆ ಸೇತುವೆಯೊಳಗೆ ರೈಲು ನುಗ್ಗುತ್ತದೆ. ಆಚೆ ಬಂದ ಕೂಡಲೇ ಕಾನ್ವಿ ಊರಿನ ಕೋಟೆಯ ಬುರುಜುಗಳು ಕಿಟಕಿ ಪಕ್ಕದಲ್ಲೇ ಎದ್ದು ನಿಂತಿರುತ್ತವೆ. ಕತ್ತು ಎತ್ತಿದರೂ ತುದಿ ಕಾಣುವುದಿಲ್ಲ.

ಇದು ವೇಲ್ಸ್ ಜನ ತಮಗಾಗಿ ಕಟ್ಟಿಕೊಂಡ ಕೋಟೆ ಅಲ್ಲ. ಅವರನ್ನು ಹದ್ದುಬಸ್ತಿನಲ್ಲಿಡಲು ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಕಟ್ಟಿಸಿದ್ದು. 1282ರ ಡಿಸೆಂಬರ್‌ನಲ್ಲಿ ವೇಲ್ಸ್ ದೊರೆ ಲೆವೆಲಿನ್ ಯುದ್ಧದಲ್ಲಿ ಸತ್ತ. ಮರುವರ್ಷ ಮಾರ್ಚ್‌ನಲ್ಲಿ ಎಡ್ವರ್ಡ್ ಇಲ್ಲಿಗೆ ಬಂದ. ಆಗ ಇಲ್ಲೊಂದು ಮಠವಿತ್ತು, ಲೆವೆಲಿನ್‌ನ ತಾತನ ಸಮಾಧಿ ಅದರೊಳಗಿತ್ತು. ಎಡ್ವರ್ಡ್ ಆ ಮಠವನ್ನೇ ಬೇರೆ ಕಡೆಗೆ ಎತ್ತಂಗಡಿ ಮಾಡಿಸಿದ. ಕೋಟೆಯ ಜೊತೆ ಊರಿಗೂ ಗೋಡೆ ಕಟ್ಟಿಸಿ, ಒಳಗೆ ಇಂಗ್ಲಿಷರನ್ನು ತಂದು ಕೂರಿಸಿದ. ಸೋತವರ ಎದೆ ಮೇಲೆ ಕಟ್ಟಿದ್ದು ಇದು. ಇಲ್ಲಿ ಓಡಾಡುವಾಗ ಅದನ್ನು ಮರೆಯಬಾರದು.

ಆದರೆ ಕಟ್ಟಿದವರ ಕೈಚಳಕ ನೋಡಿದರೆ ಮನಸ್ಸು ತುಂಬುತ್ತದೆ. ಕೆಲಸದ ಹೊಣೆ ಆಲ್ಪ್ಸ್ ಪರ್ವತದ ಕಡೆಯ ಸವಾಯ್ ಪ್ರಾಂತ್ಯದಿಂದ ಬಂದ ಮೇಸ್ತ್ರಿ ಸೇಂಟ್ ಜಾರ್ಜ್‌ನ ಜೇಮ್ಸ್‌ನದು. 1283ರಿಂದ 1287, ನಾಲ್ಕೇ ವರ್ಷ. ಕೋಟೆ, ಊರಗೋಡೆ ಎರಡಕ್ಕೂ ಸೇರಿ ಆಗಿನ ಸುಮಾರು 15,000 ಪೌಂಡ್ ಖರ್ಚು. ಬಂಡೆಯ ಮೇಲೇ ಗೋಡೆ ಎಬ್ಬಿಸಿದ್ದಾರೆ. ಎಂಟು ದೊಡ್ಡ ಬುರುಜುಗಳು.

ಒಂದು ಬುರುಜಿನ ಹತ್ತಿರ ನಿಂತು ಅದರ ಮೈಯನ್ನು ನಿಧಾನವಾಗಿ ನೋಡಿ. ಸಣ್ಣ ಸಣ್ಣ ಚೌಕ ತೂತುಗಳಿವೆ. ಸಾರ್ವೆಯ ಮರಗಳನ್ನು ಸಿಕ್ಕಿಸಿದ್ದ ಜಾಗ ಅವು. ಸಾಲು ನೇರ ಅಡ್ಡಕ್ಕೆ ಹೋಗುವುದಿಲ್ಲ, ಬುರುಜನ್ನು ಸುತ್ತಿಕೊಂಡು ಓರೆಯಾಗಿ ಮೇಲಕ್ಕೇರುತ್ತದೆ. ಅಂದರೆ ಸಾರ್ವೆಯೇ ಏರುದಾರಿ, ಕಲ್ಲನ್ನು ಅದರ ಮೇಲೇ ಸಾಗಿಸಬಹುದು. ಇದು ಸವಾಯ್ ಕಡೆಯವರ ಪದ್ಧತಿ. ಎಲ್ಲಿಂದ ಕೆಲಸಗಾರರು ಬಂದಿದ್ದರು ಅನ್ನೋದಕ್ಕೆ ಗೋಡೆಯೇ ಸಾಕ್ಷಿ. ಇನ್ನೂ ಹತ್ತಿರ ಹೋದರೆ ಅಲ್ಲಲ್ಲಿ ಸುಣ್ಣ ಅಂಟಿಕೊಂಡಿದೆ. ಇವತ್ತು ಬೂದುಗಲ್ಲಾಗಿ ಕಾಣುವ ಕೋಟೆ ಆಗ ಬೆಳ್ಳಗೆ ಹೊಳೆಯುತ್ತಿತ್ತು.

ಒಳಗೆ ಎರಡು ಅಂಗಳ. ಮೊದಲನೆಯದು ಕಾವಲಿನವರದು. ಅಡುಗೆಮನೆ, ಕುದುರೆ ಲಾಯ, 38 ಮೀಟರ್ ಉದ್ದದ ದೊಡ್ಡ ಸಭಾಂಗಣ ಎಲ್ಲಾ ಇಲ್ಲಿದ್ದವು. ಸಭಾಂಗಣದ ಚಾವಣಿ ಹೊತ್ತಿದ್ದ ಕಲ್ಲಿನ ಕಮಾನುಗಳಲ್ಲಿ ಒಂದು ಮಾತ್ರ ಈಗ ಆಕಾಶಕ್ಕೆ ಬಾಗಿ ನಿಂತಿದೆ. ಎರಡನೆಯ ಅಂಗಳ ರಾಜ, ರಾಣಿಯರದು. ನಡುವೆ ಮತ್ತೊಂದು ಗೋಡೆ, ಬಾಗಿಲು. ಬಾಗಿಲ ಪಕ್ಕದಲ್ಲೇ ಬಂಡೆ ಕೊರೆದು ತೋಡಿದ ಬಾವಿ, ಸುಮಾರು 28 ಮೀಟರ್ ಆಳ. ಹೊರಗಿನ ಅಂಗಳ ಶತ್ರುವಿನ ಕೈಗೆ ಹೋದರೂ ಒಳಗಿನವರು ಬಾಗಿಲು ಹಾಕಿಕೊಂಡು ಇರಬಹುದು. ನದಿ ಕಡೆಯ ಪುಟ್ಟ ಬಾಗಿಲಿಗೆ ದೋಣಿಯಲ್ಲಿ ದಿನಸಿ ಬರುತ್ತಿತ್ತು.

ಇಷ್ಟು ದೊಡ್ಡ ಕೋಟೆಗೆ ಸೈನ್ಯ ಎಷ್ಟಿತ್ತು? 1284ರ ರಾಜಾಜ್ಞೆಯ ಪ್ರಕಾರ 30 ಜನ! ಅವರಲ್ಲಿ 15 ಮಂದಿ ಅಡ್ಡಬಿಲ್ಲಿನವರು. ಉಳಿದವರಲ್ಲಿ ಒಬ್ಬ ಪಾದ್ರಿ, ಒಬ್ಬ ಆಯುಧ ರಿಪೇರಿಯವನು, ಒಬ್ಬ ಬಡಗಿ, ಒಬ್ಬ ಕಲ್ಲುಕುಟಿಗ, ಒಬ್ಬ ಕಮ್ಮಾರ. ಬಾಕಿಯವರು ಬಾಗಿಲು ಕಾಯುವವರು, ಪಹರೆಯವರು. ನನಗೆ ಇಡೀ ಕೋಟೆಯಲ್ಲಿ ತುಂಬಾ ಹಿಡಿಸಿದ್ದು ಈ ಪಟ್ಟಿಯೇ. ಯುದ್ಧ ಯಾವತ್ತೋ ಒಂದು ದಿನ. ಬಾಗಿಲ ತಿರುಗಣಿ ಸವೆಯೋದು, ಚಾವಣಿ ಸೋರೋದು ಪ್ರತಿದಿನ ಅಲ್ವಾ? ಕಟ್ಟಡ ಇನ್ನೂ ಏಳುತ್ತಿದ್ದ 1283ರ ಬೇಸಿಗೆಯಲ್ಲೇ ರಾಣಿ ಎಲಿನರ್‌ಗಾಗಿ ಒಂದು ಹುಲ್ಲುಹಾಸು ಮಾಡಿದ್ದರಂತೆ. ಹುಲ್ಲಿನ ಹೆಂಟೆಗಳು ನದಿಯಲ್ಲಿ ದೋಣಿ ಹತ್ತಿ ಬಂದವು. ಖಾಲಿ ಪೀಪಾಯಿಯ ಹಲಗೆಗಳಿಂದ ಬೇಲಿ. ಒಂದು ಸಂಜೆ ನೀರು ಹಾಕಿದವನಿಗೆ 3 ಪೆನ್ನಿ ಕೊಟ್ಟದ್ದು ಲೆಕ್ಕದಲ್ಲಿದೆ.

1294ರ ಕೊನೆಯಲ್ಲಿ ವೇಲ್ಸ್ ಜನ ದಂಗೆ ಎದ್ದಾಗ ಎಡ್ವರ್ಡ್ ತಾನೇ ಇಲ್ಲಿ ಸಿಕ್ಕಿಹಾಕಿಕೊಂಡ. ನೆಲದ ದಾರಿ ಮುಚ್ಚಿತ್ತು, ಊಟ ಬಂದದ್ದು ಸಮುದ್ರದಿಂದ ಮಾತ್ರ. ಗೋಡೆ ಉಳಿಸಿತು, ಹಡಗು ಬದುಕಿಸಿತು.

ಮುಂದೆ 1401ರ ಗುಡ್ ಫ್ರೈಡೆ. ಇಂಗ್ಲಿಷರ ವಿರುದ್ಧ ಎದ್ದ ವೇಲ್ಸ್ ನಾಯಕ ಓವೈನ್ ಗ್ಲಿನ್‌ಡೂರ್‌ನ ಬಂಡಾಯದ ಕಾಲ. ಕಾವಲಿನವರು ಊರೊಳಗಿನ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದರು. ಕೆಲಸಕ್ಕೆ ಬಂದ ಬಡಗಿಯ ವೇಷದಲ್ಲಿ ಒಬ್ಬ ಬಾಗಿಲಿಗೆ ಬಂದ, ಒಳಗೂ ಬಿಟ್ಟರು. ಉಳಿದಿದ್ದ ಇಬ್ಬರು ಕಾವಲುಗಾರರನ್ನು ಕೊಂದು ಬಂಡಾಯಗಾರರು ಕೋಟೆ ಹಿಡಿದರು. ಮುಂದಾಳುಗಳು ಅಣ್ಣತಮ್ಮಂದಿರಾದ ರೀಸ್ ಮತ್ತು ಗ್ವಿಲಿಮ್, ಗ್ಲಿನ್‌ಡೂರ್‌ನ ನೆಂಟರು. ಸುಮಾರು ಮೂರು ತಿಂಗಳು ಬಿಟ್ಟುಕೊಡಲಿಲ್ಲ, ಆಮೇಲೆ ಸಂಧಿ ಮಾಡಿಕೊಂಡರು. ಅವರ ಇನ್ನೊಬ್ಬ ಸೋದರ ಮರೆದಿದ್‌ನ ಮರಿಮಗನೇ ಮುಂದೆ ಇಂಗ್ಲೆಂಡಿನ ರಾಜನಾದ ಏಳನೇ ಹೆನ್ರಿ.

ಕೋಟೆ ನೋಡಿ ಸುಸ್ತಾದರೂ ಊರಗೋಡೆಯನ್ನು ಬಿಡಬೇಡಿ. ಸುಮಾರು 1.3 ಕಿಲೋಮೀಟರ್, 21 ಬುರುಜು, ಜಾಸ್ತಿ ಭಾಗ ಗೋಡೆಯ ಮೇಲೇ ನಡೆಯಬಹುದು. ದಕ್ಷಿಣದ ಬದಿಯಲ್ಲಿ ಗೋಡೆಯಿಂದ ಹೊರಚಾಚಿದ 12 ಕಲ್ಲಿನ ಗೂಡುಗಳು ಸಾಲಾಗಿವೆ. ಅವು ಶೌಚಾಲಯಗಳು. ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದ ರಾಜನ ಗುಮಾಸ್ತರಿಗಾಗಿ ಕಟ್ಟಿದ್ದು. ಹೊರಗೆ ಕೆಳಗಿಳಿದು ನೋಡಿದರೆ ಚೆನ್ನಾಗಿ ಕಾಣುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಇದನ್ನು ತಪ್ಪದೆ ತೋರಿಸಿ.