ಅಲಾಸ್ಕಾ ಹಡಗಿನಲ್ಲಿ ಏಳು ರಾತ್ರಿ: ನಾನು, ಇವರು ಮತ್ತು ಒಂದು ಬಾಲ್ಕನಿ

ಪರದೆಯ ಸಂದಿಯಿಂದ ಬೆಳಕು ಬಂದು ಮುಖಕ್ಕೆ ಬಿತ್ತು. ಏಳು ಗಂಟೆಯಾಗಿರಬೇಕು ಅಂತ ದಡಬಡ ಎದ್ದೆ. ಗಡಿಯಾರ ನೋಡಿದರೆ ನಾಲ್ಕೂವರೆ! ಇವರು ಮಗ್ಗುಲು ಬದಲಿಸಿ, "ಸುಮ್ನೆ ಮಲಗು, ಇಲ್ಲಿ ಸೂರ್ಯನಿಗೆ ರಜೆ ಇಲ್ಲ" ಅಂದರು. ಜೂನ್ ತಿಂಗಳಲ್ಲಿ ಅಲಾಸ್ಕಾದ ಈ ಭಾಗದಲ್ಲಿ ಹಗಲು ಹದಿನೇಳು, ಹದಿನೆಂಟು ಗಂಟೆ ಇರುತ್ತದೆ. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಜಾಕೆಟ್ ಏರಿಸಿಕೊಂಡು ಮೇಲಿನ ಡೆಕ್‌ಗೆ ಹೋದೆ. ಎರಡೂ ಕಡೆ ಕಪ್ಪು ಹಸಿರು ಗುಡ್ಡಗಳು, ಅವುಗಳ ಸೊಂಟಕ್ಕೆ ಸುತ್ತಿಕೊಂಡ ಮಂಜು. ಡೆಕ್ ತೊಳೆಯುವ ಇಬ್ಬರು ಹುಡುಗರನ್ನು ಬಿಟ್ಟರೆ ಯಾರೂ ಇಲ್ಲ. ಅಷ್ಟು ದೊಡ್ಡ ಹಡಗು ನನ್ನೊಬ್ಬಳದೇ ಅನ್ನಿಸಿತು.

ಅವತ್ತಿನಿಂದ ನಮ್ಮ ದಿನಚರಿ ತಾನಾಗಿಯೇ ಎರಡು ಪಾಲಾಯಿತು. ಬೆಳಗು ನನ್ನದು, ರಾತ್ರಿ ಇವರದು. ನಾನು ಒಂಬತ್ತೂವರೆಗೆ ಮಲಗಿದರೆ ಇವರು ಸಂಗೀತ ಕೇಳಿಕೊಂಡು ಹನ್ನೊಂದಕ್ಕೆ ಬರುತ್ತಿದ್ದರು. ಜೋಡಿಯಾಗಿ ಹೊರಡುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಇಡೀ ದಿನ ಜೊತೆಗಿರಬೇಕು ಅನ್ನುವ ಹಠ ಬೇಡ. ಕ್ಯಾಬಿನ್ ಎಷ್ಟೇ ದುಬಾರಿಯದಾದರೂ ಅದು ಒಂದೇ ಕೋಣೆ, ಒಂದೇ ಬಚ್ಚಲು. ಏಳು ದಿನ ಬಾಗಿಲು ಹಾಕಿಕೊಂಡು ಎದುರುಬದುರು ಕೂತರೆ ಎಂಥ ಅನ್ಯೋನ್ಯ ದಂಪತಿಗೂ ಟವೆಲ್ ಎಲ್ಲಿ ಹಾಕಬೇಕು ಅನ್ನುವುದೇ ಜಗಳದ ವಿಷಯವಾಗುತ್ತದೆ. ನಮಗೆ ಎರಡನೇ ದಿನವೇ ಆಯಿತು.

ನಾವು ಹೋದದ್ದು ಕೆನಡಾದ ವ್ಯಾಂಕೂವರ್‌ನಿಂದ ಉತ್ತರಕ್ಕೆ. ಕೆಚಿಕಾನ್, ಜೂನೋ, ಸ್ಕ್ಯಾಗ್ವೆ ಅನ್ನುವ ಅಲಾಸ್ಕಾದ ಬಂದರು ಊರುಗಳು, ಆಮೇಲೆ ಗ್ಲೇಸಿಯರ್ ಬೇ ಅನ್ನುವ ಹಿಮನದಿಗಳ ಕೊಲ್ಲಿ, ಕೊನೆಗೆ ವಿಟ್ಟಿಯರ್ ಬಂದರು. ಇನ್ನೊಂದು ದಾರಿಯೂ ಇದೆ. ಅಮೆರಿಕದ ಸಿಯಾಟಲ್‌ನಿಂದ ಹೊರಟು ಮತ್ತೆ ಸಿಯಾಟಲ್‌ಗೇ ಬರುವುದು. ವಿಮಾನದ ಲೆಕ್ಕದಲ್ಲಿ ಅದು ಸುಲಭ. ಆದರೆ ವ್ಯಾಂಕೂವರ್ ದಾರಿಯಲ್ಲಿ ದ್ವೀಪಗಳ ನಡುವಿನ ಶಾಂತ ನೀರು ಜಾಸ್ತಿ ಸಿಗುತ್ತದೆ. ಹೊಟ್ಟೆ ತೊಳಸುವವರಿಗೆ ಇದು ಸಣ್ಣ ವಿಷಯವಲ್ಲ.

ವೀಸಾ ಬಗ್ಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ವೀಸಾ ಜೊತೆ ಕೆನಡಾದ ವೀಸಾನೂ ಬೇಕು. ಸಿಯಾಟಲ್‌ನಿಂದ ಹೊರಟರೆ ಕೆನಡಾ ಯಾಕೆ ಅಂತ ಕೇಳಬಹುದು. ವಿದೇಶಿ ಬಾವುಟದ ಹಡಗು ನಡುವೆ ಬೇರೆ ದೇಶದ ಬಂದರು ಮುಟ್ಟದೆ ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ ಅನ್ನುವ 1886ರ ಕಾನೂನು ಇನ್ನೂ ಜಾರಿಯಲ್ಲಿದೆ. ಅದಕ್ಕೇ ಆ ಹಡಗುಗಳೂ ವಿಕ್ಟೋರಿಯಾದಂಥ ಕೆನಡಾದ ಬಂದರಿಗೆ ಒಂದು ಸಂಜೆ ತಲೆ ಹಾಕಿ ಬರುತ್ತವೆ. ವ್ಯಾಂಕೂವರ್‌ನಲ್ಲಂತೂ ಹಡಗು ಹತ್ತುವ ಮೊದಲೇ, ಕೆನಡಾದ ನೆಲದಲ್ಲೇ, ಅಮೆರಿಕದ ವಲಸೆ ತಪಾಸಣೆ ಮುಗಿಯುತ್ತದೆ. ಮೂರು ಹಡಗು ಒಟ್ಟಿಗೆ ಹೊರಡುವ ದಿನವಾದರೆ ಸಾಲು ಬಹಳ ಉದ್ದ. ಪಾಸ್‌ಪೋರ್ಟ್, ಮಾತ್ರೆ, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯಾಗಬಹುದು.

ಈಗ ಕ್ಯಾಬಿನ್. ಬಾಲ್ಕನಿ ಬೇಕಾ? ಬಿಸಿ ಪ್ರದೇಶದ ಕ್ರೂಸ್ ಆಗಿದ್ದರೆ ಬೇಡ ಅನ್ನುತ್ತಿದ್ದೆ. ಇಲ್ಲಿ ಬೇಕು. ಸ್ಪಾ, ರೆಸ್ಟೋರೆಂಟ್, ಕುಡಿಯುವ ಪ್ಯಾಕೇಜು, ಎಲ್ಲದರಲ್ಲೂ ಕೈ ಬಿಗಿ ಹಿಡಿಯಿರಿ, ಬಾಲ್ಕನಿಯಲ್ಲಿ ಮಾತ್ರ ಬೇಡ. ತಿಮಿಂಗಿಲ ಹೇಳಿ ಬರುವುದಿಲ್ಲ. ಇವರು ಹಲ್ಲುಜ್ಜುತ್ತಾ ನಿಂತಾಗ ಒಂದು ಬಂದು ಬಾಲ ತೋರಿಸಿ ಹೋಯಿತು. ನಾನು ಅದೇ ಹೊತ್ತಿಗೆ ಮೇಲಿನ ಡೆಕ್‌ನಲ್ಲಿ ದೊಡ್ಡ ಬೈನಾಕ್ಯುಲರ್ ಹಿಡಿದು ಇನ್ನೊಂದು ಕಡೆ ನೋಡುತ್ತಿದ್ದೆ! ಉತ್ತರಕ್ಕೆ ಹೋಗುವಾಗ ಬಲಗಡೆ ಒಳ್ಳೆಯದು ಅಂತ ಕೆಲವರು ಹೆಚ್ಚು ಹಣ ಕೊಡುತ್ತಾರೆ. ದ್ವೀಪಗಳ ನಡುವೆ ಹೋಗುವಾಗ ಎರಡೂ ಕಡೆ ದಡವೇ. ಗ್ಲೇಸಿಯರ್ ಮುಂದೆ ಹಡಗನ್ನು ನಿಧಾನವಾಗಿ ತಿರುಗಿಸಿ ಎರಡೂ ಬದಿಗೆ ತೋರಿಸುತ್ತಾರೆ. ಅದಕ್ಕಿಂತ ಹಡಗಿನ ನಡುಭಾಗದಲ್ಲಿ, ಕೆಳಗಿನ ಮಹಡಿಯಲ್ಲಿ ತೆಗೆದುಕೊಳ್ಳಿ. ಅಲ್ಲಿ ತೂಗಾಟ ಕಡಿಮೆ. ನೃತ್ಯದ ಹಾಲ್ ಅಥವಾ ಅಡುಗೆಮನೆಯ ಕೆಳಗಿನ ಕ್ಯಾಬಿನ್ ಮಾತ್ರ ಬೇಡ. ಬೆಳಗ್ಗೆ ನಾಲ್ಕಕ್ಕೇ ಗಾಡಿಗಳನ್ನು ಎಳೆಯುವ ಸದ್ದು ಶುರುವಾಗುತ್ತದೆ.

ಬಟ್ಟೆಯಲ್ಲಿ ನಾವು ಎಡವಿದೆವು. ಇವರು ಎರಡು ಸೂಟು ತಂದಿದ್ದರು. ಹಾಕಿದ್ದು ಒಂದು ಸಲ. ಐಷಾರಾಮಿ ಹಡಗು ಅಂದರೆ ದಿನಾ ಸೂಟು ಅಂತ ಅಂದುಕೊಂಡಿದ್ದು ತಪ್ಪು. ಹೆಚ್ಚಿನ ಸಂಜೆ ಅಂಗಿ, ಪ್ಯಾಂಟು ಸಾಕು. ಬೇಕಾಗಿದ್ದದ್ದು ಬೇರೆಯೇ: ನೀರು ಇಳಿಯದ ಜಾಕೆಟ್, ಒಳಗೆ ಹಾಕುವ ತೆಳು ಉಣ್ಣೆ ಬಟ್ಟೆ, ಕಿವಿ ಮುಚ್ಚುವ ಟೋಪಿ, ಫೋನ್ ಮುಟ್ಟಿದರೂ ಕೆಲಸ ಮಾಡುವ ಕೈಗವಸು. ಊರುಗಳಲ್ಲಿ ಹಗಲು 15, 16 ಡಿಗ್ರಿ ಇರುತ್ತದೆ, ಹಿತವಾದ ಚಳಿ. ಆದರೆ ಹಡಗು ಓಡುವಾಗ ಎದುರು ಗಾಳಿ ಮೂಳೆಗೆ ಹೊಕ್ಕುತ್ತದೆ. ದಪ್ಪ ಕೋಟು ಒಂದರ ಬದಲು ಮೂರು ಪದರ ಹಾಕಿ. ಡೆಕ್‌ನಿಂದ ಒಳಗೆ ಬಂದ ಕೂಡಲೇ ಹೀಟರ್ ಬಿಸಿಗೆ ಬೆವರುತ್ತೀರಿ, ಒಂದೊಂದೇ ಕಳಚಬೇಕು. ಇನ್ನೊಂದು ವಿಷಯ. ಇಸ್ತ್ರಿ ಪೆಟ್ಟಿಗೆ ತರಲೇಬೇಡಿ, ಬೆಂಕಿಯ ಭಯಕ್ಕೆ ತೆಗೆದಿಟ್ಟುಕೊಳ್ಳುತ್ತಾರೆ.

ಊಟ ಇಪ್ಪತ್ತನಾಲ್ಕು ಗಂಟೆಯೂ ಇದೆ. ಮೊದಲ ಎರಡು ದಿನ ನಾವೂ ಎಲ್ಲರಂತೆ ತಿಂದೇ ತಿಂದೆವು. ಮೂರನೇ ದಿನ ಹೊಟ್ಟೆ ಬೇಡ ಅಂತು. ಆಮೇಲೆ ಬೆಳಗ್ಗೆ ಕ್ಯಾಬಿನ್‌ಗೇ ಕಾಫಿ, ಹಣ್ಣು ತರಿಸಿಕೊಂಡು ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದೆವು. ಇಡೀ ಪ್ರವಾಸದಲ್ಲಿ ಅದೇ ನಮ್ಮ ಇಷ್ಟದ ಊಟ. ಹಿಂದಿನ ರಾತ್ರಿ ಬಾಗಿಲಿಗೆ ಚೀಟಿ ನೇತುಹಾಕಿದರೆ ಸಾಕು. ಸಸ್ಯಾಹಾರಿಗಳಾದರೆ ಮೊದಲ ರಾತ್ರಿಯೇ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಮಾತಾಡಿ. ಮರುದಿನದ ಪಟ್ಟಿ ಹಿಂದಿನ ಸಂಜೆಯೇ ತೋರಿಸಿ, ಬೇಕಾದ್ದು ಬೇರೆಯಾಗಿ ಮಾಡಿಸುತ್ತಾರೆ. ಹಾಗೆ ಹೇಳದಿದ್ದರೆ ಏಳು ದಿನವೂ ಪಾಸ್ತಾ. ಬಫೆಗೆ ಹೋಗುವಾಗ ಕೈ ಸೋಪಿನಿಂದಲೇ ತೊಳೆಯಿರಿ. ಹಡಗಿನಲ್ಲಿ ವಾಂತಿಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ಟಿಪ್ಸ್ ಮತ್ತು ವೈಫೈ ಬೆಲೆಯಲ್ಲಿ ಸೇರಿದೆಯೇ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ಸೇರಿಲ್ಲದ ಹಡಗಿನಲ್ಲಿ ಟಿಪ್ಸ್ ಅಂತ ದಿನಕ್ಕೆ ಒಬ್ಬರಿಗೆ ಹದಿನೈದಿಪ್ಪತ್ತು ಡಾಲರ್ ಖಾತೆಗೆ ತಾನಾಗಿಯೇ ಬೀಳುತ್ತದೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ. ಸಮುದ್ರದ ಮೇಲಿನ ರೋಮಿಂಗ್ ಬಿಲ್ ನೋಡಿದರೆ ಚಳಿ ಬಿಟ್ಟು ಹೋಗುತ್ತದೆ.

ಕೆಚಿಕಾನ್‌ನಲ್ಲಿ ಮಳೆ. ಅಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಊರವರು ಛತ್ರಿಯನ್ನೇ ಹಿಡಿಯುವುದಿಲ್ಲ. ಹೊಳೆಯ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಕ್ರೀಕ್ ಸ್ಟ್ರೀಟ್ ನೋಡಲು, ಮೂಲ ನಿವಾಸಿಗಳು ಮರದಲ್ಲಿ ಕೆತ್ತಿದ ಹಳೆಯ ಟೋಟೆಮ್ ಕಂಬಗಳ ಸಂಗ್ರಹ ನೋಡಲು ಕಾಲ್ನಡಿಗೆ ಸಾಕು. ಟೂರ್ ತೆಗೆದುಕೊಳ್ಳಬೇಕಿಲ್ಲ.

ಜೂನೋದಲ್ಲಿ ನಮ್ಮ ಪಜೀತಿ. ಇದು ಅಲಾಸ್ಕಾದ ರಾಜಧಾನಿ, ಆದರೆ ಹೊರಗಿನಿಂದ ಒಂದು ರಸ್ತೆಯೂ ಇಲ್ಲಿಗೆ ಬರುವುದಿಲ್ಲ. ಹಡಗು ಅಥವಾ ವಿಮಾನ, ಅಷ್ಟೇ. ಹೆಲಿಕಾಪ್ಟರ್‌ನಲ್ಲಿ ಹಿಮದ ಮೇಲೆ ಇಳಿಯುವ ಟೂರ್‌ಗೆ ತಿಂಗಳುಗಟ್ಟಲೆ ಮೊದಲೇ ಹಣ ಕಟ್ಟಿದ್ದೆವು. ಬೆಳಗ್ಗೆ ಮಂಜು ಕವಿಯಿತು, ಟೂರ್ ರದ್ದಾಯಿತು. ಹಣ ವಾಪಸ್ ಬಂತು, ಆದರೆ ಇವರ ಮುಖ ಮಧ್ಯಾಹ್ನದವರೆಗೂ ಇಳಿದೇ ಇತ್ತು. ಇಂಥ ಹಾರಾಟದ ಟೂರ್‌ಗಳು ಹವಾಮಾನದ ಮರ್ಜಿ. ಬೆಳಗಿನ ಹೊತ್ತಿಗೆ ಬುಕ್ ಮಾಡಿ, ರದ್ದಾದರೆ ಏನು ಮಾಡುವುದು ಅಂತ ಮೊದಲೇ ಯೋಚಿಸಿಡಿ. ನಾವು ಬಸ್ ಹಿಡಿದು ಮೆಂಡೆನ್‌ಹಾಲ್ ಗ್ಲೇಸಿಯರ್‌ಗೆ ಹೋದೆವು. ಊರಿಂದ ಸುಮಾರು 20 ಕಿಲೋಮೀಟರ್. ಅಲ್ಲಿಂದ ನಗೆಟ್ ಜಲಪಾತದವರೆಗೆ ಹೋಗಿಬರಲು ಮೂರು ಕಿಲೋಮೀಟರ್ ನಡಿಗೆ, ಬಹುತೇಕ ಸಮತಟ್ಟು. ಜಲಪಾತದ ಹನಿ ಮುಖಕ್ಕೆ ಬಿದ್ದ ಮೇಲೆ ಇವರು ಹೆಲಿಕಾಪ್ಟರ್ ಮರೆತರು. ನಾನು ಗಡಿಯಾರ ಮರೆತೆ. ವಾಪಸ್ ಬಸ್ಸಿಗೆ ಸಾಲು ನೋಡಿದಾಗ ಎದೆ ಧಸಕ್ಕೆಂದಿತು. ಹಡಗಿನವರೇ ಏರ್ಪಡಿಸಿದ ಟೂರ್ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ನೀವಾಗಿಯೇ ಹೋಗಿದ್ದರೆ ಕಾಯುವುದಿಲ್ಲ. ಹೊರಡುವ ಅರ್ಧ ಗಂಟೆ ಮೊದಲೇ ಬಾಗಿಲು ಮುಚ್ಚುತ್ತಾರೆ. ನಾವು ಓಡಿ ಹತ್ತಿದಾಗ ಬಾಗಿಲು ಮುಚ್ಚಲು ಇನ್ನು ಹನ್ನೆರಡು ನಿಮಿಷ ಉಳಿದಿತ್ತು. ಮೇಲಿನ ಡೆಕ್‌ನಿಂದ ಜನ ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸ್ಕ್ಯಾಗ್ವೆಯಲ್ಲಿ ಹಳೆಯ ಕಿರುಹಳಿಯ ರೈಲಿದೆ, ಹತ್ತಿ. 1898ರಿಂದ 1900ರ ನಡುವೆ, ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ ಹುಚ್ಚಿನ ಕಾಲದಲ್ಲಿ ಕಟ್ಟಿದ ದಾರಿ. ಮೂವತ್ತು ಚಿಲ್ಲರೆ ಕಿಲೋಮೀಟರ್‌ನಲ್ಲಿ 870 ಮೀಟರ್ ಏರುತ್ತದೆ. ಚಿನ್ನ ಹುಡುಕಲು ಹೋದವರು ಒಂದು ಟನ್ ಸಾಮಾನು ತರದಿದ್ದರೆ ಕೆನಡಾದ ಪೊಲೀಸರು ಗಡಿಯಲ್ಲಿ ಒಳಗೆ ಬಿಡುತ್ತಿರಲಿಲ್ಲವಂತೆ. ಇವರು ನನ್ನ ಪೆಟ್ಟಿಗೆಯ ಕಡೆ ಬೊಟ್ಟು ಮಾಡಿ, "ನಿನ್ನನ್ನು ಬಿಡುತ್ತಿದ್ದರು" ಅಂದರು. ಏರುವಾಗ ಎಡಗಡೆ ಕೂರಿ, ಕಣಿವೆ ಆ ಕಡೆಗಿದೆ.

ಆರನೇ ದಿನ ಗ್ಲೇಸಿಯರ್ ಬೇ. ಇದಕ್ಕಾಗಿಯೇ ಬಂದಿದ್ದು. ಹಡಗು ಆರಿಸುವಾಗ ವೇಳಾಪಟ್ಟಿಯಲ್ಲಿ ಈ ಹೆಸರು ಇದೆಯಾ ಅಂತ ಕಣ್ಣಿಟ್ಟು ನೋಡಿ. ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಒಳಗೆ ಬಿಡುತ್ತಾರೆ, ಹಾಗಾಗಿ ಎಲ್ಲರಿಗೂ ಪರವಾನಗಿ ಸಿಗುವುದಿಲ್ಲ. ಬದಲಿಗೆ ಹಬ್ಬರ್ಡ್ ಗ್ಲೇಸಿಯರ್ ತೋರಿಸುವ ಹಡಗುಗಳಿವೆ. ಅದೂ ಭಾರಿಯೇ, ಆದರೆ ಇಡೀ ದಿನ ಒಂದು ಕೊಲ್ಲಿಯೊಳಗೆ ತೇಲುವ ಸುಖ ಬೇರೆ.

ಬೆಳಗ್ಗೆ ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂತು. ಚಲಿಸುವ ಹಡಗಿನ ಮೈಗೆ ಇಳಿಬಿಟ್ಟ ಹಗ್ಗದ ಏಣಿ ಹಿಡಿದು ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಹತ್ತಿದರು. ಆಮೇಲೆ ಇಡೀ ದಿನ ಧ್ವನಿವರ್ಧಕದಲ್ಲಿ ಅವರದೇ ಮಾತು. ಅಷ್ಟೂ ಕೇಳುವಂಥದ್ದು. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ಅವರ ತಂಡ ಇಲ್ಲಿಗೆ ಬಂದಾಗ ಕೊಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ, ಬರೀ ಮಂಜುಗಡ್ಡೆಯ ಗೋಡೆ. 1879ರಲ್ಲಿ ನಿಸರ್ಗದ ಬಗ್ಗೆ ಬರೆಯುತ್ತಿದ್ದ ಜಾನ್ ಮ್ಯೂರ್ ಬರುವಷ್ಟರಲ್ಲಿ ಅದು ಹತ್ತಾರು ಕಿಲೋಮೀಟರ್ ಹಿಂದೆ ಸರಿದಿತ್ತು. ನಾವು ಈಗ ಆ ಮಂಜಿದ್ದ ಜಾಗದಲ್ಲೇ ಸುಮಾರು 100 ಕಿಲೋಮೀಟರ್ ಒಳಗೆ ಸಾಗಬೇಕು. ಕೊಲ್ಲಿಯ ಬಾಯಿಯ ಹತ್ತಿರ ದಟ್ಟ ಕಾಡು. ಒಳಗೆ ಹೋದಂತೆ ಮರ ಕುಳ್ಳಾಗುತ್ತವೆ, ಆಮೇಲೆ ಪೊದೆ, ಆಮೇಲೆ ಬರೀ ಬಂಡೆ. ಮಂಜು ಇತ್ತೀಚೆಗೆ ಬಿಟ್ಟುಕೊಟ್ಟ ನೆಲದಲ್ಲಿ ಇನ್ನೂ ಏನೂ ಬೆಳೆದಿಲ್ಲ. ಕಾಡು ಹುಟ್ಟುವುದನ್ನು ಹಿಂದುಮುಂದಾಗಿ ನೋಡಿದ ಹಾಗೆ.

ಮಾರ್ಜರಿ ಗ್ಲೇಸಿಯರ್ ಎದುರು ಹಡಗು ನಿಂತಿತು. ಒಂದೂವರೆ ಕಿಲೋಮೀಟರ್ ಅಗಲ, ನೀರಿನ ಮೇಲೆ ಸುಮಾರು 75 ಮೀಟರ್ ಎತ್ತರದ ನೀಲಿ ಗೋಡೆ. ಒತ್ತೊತ್ತಾಗಿ ಗಟ್ಟಿಯಾದ ಮಂಜು ಕೆಂಪು ಬೆಳಕನ್ನು ಹೀರಿಕೊಂಡು ನೀಲಿಯನ್ನು ಮಾತ್ರ ಬಿಡುತ್ತದಂತೆ. ಇಂಜಿನ್ ಸದ್ದು ಇಳಿಯಿತು. ಸಾವಿರಾರು ಜನ ಪಿಸುಮಾತಿನಲ್ಲಿ. ತೇಲುವ ಮಂಜಿನ ತುಂಡೊಂದರ ಮೇಲೆ ಸೀಲ್ ಒಂದು ನಮ್ಮನ್ನೇ ನೋಡುತ್ತಾ ಮಲಗಿತ್ತು. ಫಟ್ ಅಂತ ಬಂದೂಕು ಹೊಡೆದಂಥ ಸದ್ದು. ಎಲ್ಲರೂ ಆ ಕಡೆ ತಿರುಗಿದೆವು. ಏನೂ ಇಲ್ಲ. ಸದ್ದು ತಲುಪುವಷ್ಟರಲ್ಲಿ ಗೋಡೆಯಿಂದ ಮಂಜಿನ ತುಂಡು ಕಳಚಿ ಬಿದ್ದಾಗಿರುತ್ತದೆ. ಸದ್ದಿನ ಹಿಂದೆ ಓಡಬೇಡಿ, ಒಂದೇ ಕಡೆ ಕಣ್ಣು ನೆಟ್ಟು ನಿಲ್ಲಿ. ಅದನ್ನು ಹೇಳಿಕೊಟ್ಟದ್ದು ಪಕ್ಕದ ಕ್ಯಾಬಿನ್ನಿನ ಅಜ್ಜಿ, ಅವರಿಗೆ ಅದು ನಾಲ್ಕನೇ ಸಲ. ಹಾಗೇ ನಿಂತಾಗ ಬಸ್ಸಿನಷ್ಟು ದೊಡ್ಡ ತುಂಡು ನಿಧಾನಕ್ಕೆ ಜಾರಿತು. ನೀರು ಮೇಲೆದ್ದಿತು. ಆಮೇಲೆ ಗುಡುಗು. ಇಲ್ಲಿನ ಮೂಲ ನಿವಾಸಿಗಳಾದ ಟ್ಲಿಂಗಿಟ್ ಜನ ಇದಕ್ಕೆ ಬಿಳಿ ಗುಡುಗು ಅನ್ನುತ್ತಾರೆ.

ನಾನು ವಿಡಿಯೋ ಮಾಡಿದೆ. ಈಗ ನೋಡಿದರೆ ಅದರಲ್ಲಿ ನನ್ನದೇ ಕೈಗವಸು. ಫೋಟೋ ಚಿಂತೆ ಇಬ್ಬರಲ್ಲಿ ಒಬ್ಬರಿಗೆ ಬಿಡಿ.

ಕೊನೆಯ ದಿನ ತೆರೆದ ಅಲಾಸ್ಕಾ ಕೊಲ್ಲಿ. ದ್ವೀಪಗಳ ಆಸರೆ ಮುಗಿಯಿತು, ಹಡಗು ತೊಟ್ಟಿಲಾಯಿತು. ಇವರು ಮಾತ್ರೆ ಬೇಡ ಅಂತ ಬೀಗಿದರು. ಮಧ್ಯಾಹ್ನ ಹಾಸಿಗೆ ಹಿಡಿದರು. ವಾಂತಿ ಮಾತ್ರೆಯನ್ನು ತೂಗಾಟ ಶುರುವಾಗುವ ಮೊದಲೇ ನುಂಗಬೇಕು, ಆಮೇಲೆ ಪ್ರಯೋಜನ ಕಡಿಮೆ. ವೈದ್ಯರನ್ನು ಊರಲ್ಲೇ ಕೇಳಿ ಜೊತೆಗೆ ತನ್ನಿ. ಕ್ಯಾಬಿನ್ ನೋಡಿಕೊಳ್ಳುವ ಹುಡುಗ ಒಣ ಬಿಸ್ಕತ್ತು, ಹಸಿರು ಸೇಬು ತಂದಿಟ್ಟ. ನಾನು ಬಾಲ್ಕನಿ ಬಾಗಿಲು ಸ್ವಲ್ಪ ತೆರೆದು, ಇವರಿಗೆ ದಿಗಂತದ ಗೆರೆ ಕಾಣುವ ಹಾಗೆ ದಿಂಬು ಏರಿಸಿದೆ. ಅವತ್ತು ಬೆಳಗೂ ರಾತ್ರಿಯೂ ಇಬ್ಬರೂ ಒಂದೇ ಕಡೆ. ಟವೆಲ್ ಕುರ್ಚಿಯ ಮೇಲೇ ಬಿದ್ದಿತ್ತು, ಯಾರೂ ಮಾತೆತ್ತಲಿಲ್ಲ.

ವಿಟ್ಟಿಯರ್‌ನಲ್ಲಿ ಇಳಿದು ಆಂಕರೇಜ್‌ಗೆ ಹೋಗಲು ನಾಲ್ಕು ಕಿಲೋಮೀಟರ್ ಉದ್ದದ ಸುರಂಗವೊಂದೇ ರಸ್ತೆ. ಒಂದೇ ಸಾಲು, ಅದರಲ್ಲೇ ರೈಲು, ಅದರಲ್ಲೇ ಕಾರು, ಸರದಿಯ ಪ್ರಕಾರ ಬಿಡುತ್ತಾರೆ. ಅದೇ ದಿನ ವಿಮಾನವಿದ್ದರೆ ಸಂಜೆಯದ್ದು ನೋಡಿಕೊಳ್ಳಿ. ನಮ್ಮ ಬಸ್ ಸುರಂಗದ ಬಾಯಲ್ಲಿ ಇಪ್ಪತ್ತು ನಿಮಿಷ ನಿಂತಿತು. ನೆಲ ಇನ್ನೂ ತೂಗುತ್ತಿದೆ ಅಂತ ಇವರು ಸೀಟು ಗಟ್ಟಿಯಾಗಿ ಹಿಡಿದು ಕೂತಿದ್ದರು.